ಸಹಾಯ ಬೇಕು: ಟರ್ಮಿನಲ್‌ಗೆ ಟೈಟಲ್ ಹಾಕಿದೆ, ಈಗ ಪ್ರಾಂಪ್ಟೇ ಕೆಟ್ಟಿದೆ

ನಮಸ್ಕಾರ ರೀ. ಹುಬ್ಬಳ್ಳಿ ವಿದ್ಯಾನಗರದಲ್ಲಿ ನಮ್ಮದೊಂದು ಸಣ್ಣ ಆಫೀಸು. ದಿನಾ ಉಬುಂಟುವಿನಲ್ಲಿ ಮೂರು ಟರ್ಮಿನಲ್ ತೆರೆದಿರುತ್ತವೆ: ನನ್ನ ಲ್ಯಾಪ್‌ಟಾಪ್, ಟೆಸ್ಟ್ ಸರ್ವರ್, ಲೈವ್ ಸರ್ವರ್. ಮೊನ್ನೆ ಸಂಜೆ ಒಂದು ಕೈಯಲ್ಲಿ ಗಿರ್ಮಿಟ್ ಪೊಟ್ಟಣ, ಇನ್ನೊಂದು ಕೈ ಕೀಬೋರ್ಡ್ ಮೇಲೆ, ಟೆಸ್ಟ್ ಅಂದುಕೊಂಡು ಲೈವ್ ಸರ್ವರನ್ನೇ ರೀಸ್ಟಾರ್ಟ್ ಮಾಡಿಬಿಟ್ಟೆ. ಬೈಗುಳ ಬಿತ್ತು, ಅದು ಬಿಡಿ.

ಅದಕ್ಕೇ ಪ್ರತಿ ವಿಂಡೋಗೂ ಟೈಟಲ್ ಹಾಕೋಣ ಅಂತ ಬ್ಯಾಶ್ (ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಶೆಲ್) ಶುರುವಾದಾಗ ಓದುವ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ, ಅಕ್ಷರಗಳನ್ನು ಟರ್ಮಿನಲ್‌ಗೆ ಕಳಿಸುವ ಪ್ರಿಂಟ್‌ಎಫ್ ಸಾಲು ಸೇರಿಸಿದೆ: ಎಸ್ಕೇಪ್, ಮುಚ್ಚುವ ಚೌಕ ಬ್ರಾಕೆಟ್, ಸೊನ್ನೆ, ಸೆಮಿಕೋಲನ್, ಹೆಸರು, ಕೊನೆಗೆ ಬೆಲ್. ಟೈಟಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ! ಹುಡುಕಿದರೆ, ಉಬುಂಟುವಿನ ಬ್ಯಾಶ್‌ಆರ್‌ಸಿಯಲ್ಲೇ ಪಿಎಸ್1 (ಪ್ರಾಂಪ್ಟ್, ಅಂದರೆ ಕಮಾಂಡ್ ಹೊಡೆಯುವ ಜಾಗದ ಮುಂದೆ ಬರುವ ಬರಹ, ಹೇಗಿರಬೇಕು ಅಂತ ಹೇಳುವ ವೇರಿಯಬಲ್) ಒಳಗೆ ಯೂಸರ್, ಹೋಸ್ಟ್, ಫೋಲ್ಡರ್ ಹೆಸರನ್ನು ಟೈಟಲ್‌ಗೆ ಬರೆಯುವ ಭಾಗ ಇದೆ, ಪ್ರಾಂಪ್ಟ್ ಬಂದಾಗಲೆಲ್ಲ ಅದು ನನ್ನದನ್ನು ಅಳಿಸುತ್ತದೆ.

ಸರಿ ಅಂತ ಅದನ್ನು ತೆಗೆದು ನನ್ನದನ್ನೇ ಪಿಎಸ್1ಗೆ ಹಾಕಿದೆ. ಟೈಟಲ್ ಈಗ ನಿಲ್ಲುತ್ತದೆ, ಆದರೆ ಉದ್ದದ ಕಮಾಂಡ್ ಹೊಡೆದರೆ ವಿಂಡೋದ ಅಂಚಿಗೆ ಹೋಗುವ ಮೊದಲೇ ಮುರಿದು ಅದೇ ಸಾಲಿನ ಮೇಲೆ ಬಂದು ಕೂರುತ್ತದೆ. ಮೇಲಿನ ಬಾಣದ ಕೀ ಒತ್ತಿದರೆ ಹಳೇ ಅಕ್ಷರಗಳು ಉಳಿದೇ ಬಿಡುತ್ತವೆ. ಕಾಣದ ಅಕ್ಷರಗಳನ್ನೂ ಬ್ಯಾಶ್ ಉದ್ದಕ್ಕೆ ಎಣಿಸುತ್ತಿದೆ ಅನ್ನಿಸುತ್ತದೆ, ಅಲ್ವಾ? ಇವನ್ನು ಎಣಿಸಬೇಡ ಅಂತ ಪಿಎಸ್1ನಲ್ಲಿ ಹೇಳೋದು ಹೇಗೆ? ಅಥವಾ ಸುಮ್ನೆ, ಪ್ರತಿ ಪ್ರಾಂಪ್ಟ್‌ಗೆ ಮೊದಲು ಬ್ಯಾಶ್ ಓಡಿಸುವ ಪ್ರಾಂಪ್ಟ್ ಕಮಾಂಡ್ ವೇರಿಯಬಲ್‌ಗೆ ಹಾಕಿಬಿಡಲೇ?

ಇನ್ನೊಂದು. ಕಮಾಂಡ್ ಓಡುತ್ತಿರುವಾಗ ಅದರ ಹೆಸರು ಟೈಟಲ್‌ನಲ್ಲಿ ಬರಬೇಕು. ಝಡ್‌ಶೆಲ್ ಅನ್ನೋ ಇನ್ನೊಂದು ಶೆಲ್‌ನಲ್ಲಿ ಇದಕ್ಕೆ ಪ್ರೀಎಕ್ಸೆಕ್ (ಕಮಾಂಡ್ ಓಡುವ ಮುಂಚೆ ತಾನೇ ಓಡುವ ಫಂಕ್ಷನ್) ಇದೆಯಂತೆ, ಬ್ಯಾಶ್ ಬಿಡುವ ಮನಸ್ಸಿಲ್ಲ. ಬ್ಯಾಶ್‌ನಲ್ಲಿ ಪ್ರತಿ ಕಮಾಂಡ್‌ಗೆ ಮೊದಲು ನಮ್ಮ ಸಾಲು ಓಡಿಸುವ ಡೀಬಗ್ ಟ್ರ್ಯಾಪ್ ಬಳಸಿದವರು ಯಾರಾದರೂ ಇದ್ದರೆ ನಿಮ್ಮ ಸಾಲುಗಳನ್ನು ಹಾಕಿ ರೀ.