ಪದ ಬೇಕಿದೆ: ಲಾಂಛನದೊಳಗಿನ ‘ತ್ಸಿರ್ಕೆಲ್’

ಮಾನ್ಯರೇ,
ನಾಳೆ ಅಚ್ಚಿಗೆ ಹೋಗುವ ಪ್ರದರ್ಶನ ಫಲಕ. ಜರ್ಮನಿಯ ಕಾರ್ಟೆಲ್‌ಫರ್ಬಾಂಡ್ ಒಕ್ಕೂಟದ (1856) ಒಂದು ಕ್ಯಾಥೊಲಿಕ್ ವಿದ್ಯಾರ್ಥಿ ಸಂಘದ ಲಾಂಛನ ವಿವರಣೆ. ಗುರಾಣಿ ನಾಲ್ಕು ಪಾಲು, ನಡುವೆ ಪುಟ್ಟ ಗುರಾಣಿ. ಅದರಲ್ಲಿ ತ್ಸಿರ್ಕೆಲ್: ‘ಬಾಳಲಿ, ಬೆಳೆಯಲಿ, ಅರಳಲಿ’ ಎಂಬರ್ಥದ ಮೂರು ಲ್ಯಾಟಿನ್ ಪದಗಳ ಮೊದಲಕ್ಷರಗಳನ್ನು ಸಂಘದ ಹೆಸರಿನ ಮೊದಲಕ್ಷರದೊಡನೆ ಹೆಣೆದ ಗುರುತು. ‘ಸಂಯುಕ್ತಾಕ್ಷರ’ ಎಂದು ಹಾಕಿದ್ದೇನೆ. ನಡೆಯುತ್ತದೆಯೇ?

> ನಡೆಯುವುದಿಲ್ಲ. ಓದುವವರು ಒತ್ತಕ್ಷರ ಹುಡುಕುತ್ತಾರೆ. ‘ಅಂಕಿತ’ ಹಾಕಿ, ಸದಸ್ಯರು ತಮ್ಮ ರುಜುವಿನ ಬೆನ್ನಿಗೇ ಇದನ್ನು ಎಳೆಯುತ್ತಾರೆ. ಕೊನೆಯ ಉದ್ಗಾರ ಚಿಹ್ನೆ ಗುರುತಿನದೇ ಅಂಗ, ಡಿಟಿಪಿಯವರು ತಪ್ಪೆಂದು ಕಿತ್ತುಹಾಕದಂತೆ ನೋಡಿಕೊಳ್ಳಿ. ಎಡಬಲವನ್ನೂ ತಾಳೆ ನೋಡಿ. ವಿವರಣೆಯ ‘ಬಲ’ ಗುರಾಣಿ ಹಿಡಿದವನ ಬಲ, ಅಂದರೆ ಫಲಕದ ಮುಂದೆ ನಿಂತವರ ಎಡ. ‘ಚಿನ್ನ’, ‘ಬೆಳ್ಳಿ’ ಎಂದಿದ್ದಲ್ಲಿ ಹಳದಿ, ಬಿಳಿ ಬಳಿದರೆ ಸಾಕು. ಸಂಘದ ಬಣ್ಣಗಳನ್ನು ಕೆಲವರು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಅದನ್ನು ಗಮನಿಸದೆ ಬರೆದರೆ ಪಟ್ಟೆಗಳ ಕ್ರಮ ತಲೆಕೆಳಗಾಗುತ್ತದೆ.

>> ಅಂಕಿತವೆಂದರೆ ಕೂಡಲಸಂಗಮದೇವ, ಪುರಂದರವಿಟ್ಟಲ. ಬೀರು ಕುಡಿಯುವ ಹುಡುಗರ ಗೀಚಿಗೆ ಅದೇಕೆ? ‘ಹೆಣೆದಕ್ಕರ’ ಎನ್ನಿ. ಲಾಂಚನ ಎಂಬ ಎರವಲೂ ಬೇಡ, ‘ಗುರುತು’ ಇದೆಯಲ್ಲ.

>>> ಚಾಲುಕ್ಯರ ವರಾಹ ಲಾಂಛನವನ್ನು ‘ಹಂದಿ ಗುರುತು’ ಮಾಡಿ ಶಾಸನ ತಿದ್ದಿಬನ್ನಿ, ಆಮೇಲೆ ಮಾತಾಡೋಣ.
ಕೇಳಿದವರಿಗೆ: ಹೆಚ್ಚಿನ ತೊಡಕು ಈ ಒಕ್ಕೂಟದ ನಾಲ್ಕು ತತ್ವಗಳ ಲ್ಯಾಟಿನ್ ಹೆಸರುಗಳನ್ನು ಕನ್ನಡಿಸುವುದರಲ್ಲಿದೆ. ‘ರೆಲಿಗಿಯೊ’ಗೆ ನಮ್ಮ ಕ್ಯಾಥೊಲಿಕರ ಮಾತು ‘ವಿಶ್ವಾಸ’. ಆದರೆ ಹೊರಗಿನವರಿಗೆ ವಿಶ್ವಾಸವೆಂದರೆ ಅಕ್ಕರೆ, ಒಡನಾಟ. ಪಕ್ಕದಲ್ಲೇ ‘ಅಮಿಸಿಟಿಯ’ಕ್ಕೆ ‘ಸ್ನೇಹ’ ಬಂದರೆ ಎರಡೂ ಒಂದೇ ಅನಿಸುತ್ತದೆ. ‘ಧರ್ಮಶ್ರದ್ಧೆ, ವಿದ್ಯೆ, ಸ್ನೇಹ, ತಾಯ್ನಾಡು’ ಇರಲಿ. ತಾಯ್ನಾಡು 1907ರಲ್ಲಿ ಸೇರಿದ್ದು, ಹಾಗಾಗಿ ಮೊದಲಿನ ಕಾಲದ ವಿವರಣೆಯಲ್ಲಿ ಮೂರೇ ತತ್ವ ಕಂಡರೆ ಬಿಟ್ಟುಹೋಗಿದೆ ಎಂದು ನೀವೇ ಸೇರಿಸಬೇಡಿ. ಚಿತ್ರದಲ್ಲಿ ಕತ್ತಿಗಳಿದ್ದರೆ ‘ಸಮಾರಂಭದ ಕತ್ತಿ’ ಎನ್ನಿ. ಕತ್ತಿಕಾಳಗ ಈ ಸಂಘಗಳಿಗೆ ನಿಷಿದ್ಧ.

>>>> ‘ಶ್ರದ್ಧೆ’ಯೂ ಎರವಲೇ. ‘ನಂಬಿಕೆ’ಗೆ ಏನಾಗಿದೆ?

>>>>> ‘ನಂಬಿಕೆ’ ಒಪ್ಪಿದೆ. ಉಳಿದಂತೆ ‘ಅಂಕಿತ’, ‘ಲಾಂಛನ’ ಎಂದೇ ಅಚ್ಚಿಗೆ ಕಳಿಸುತ್ತಿದ್ದೇನೆ.