ಮೊಡವೆಗೆ ಮನೆಮದ್ದು: ಯಾವುದು ಹಚ್ಚಬಹುದು, ಯಾವುದು ಮುಟ್ಟಲೇಬಾರದು?

ಮಲ್ಲಿಗೆ_ತುಮಕೂರು:
ತಂಗಿಗೆ 17 ವರ್ಷ. ಹಣೆ ತುಂಬಾ ಸಣ್ಣ ಸಣ್ಣ ಗುಳ್ಳೆ, ಕೆನ್ನೆ ಮೇಲೆ ಕೀವಿರೋ ಮೊಡವೆ ನಾಲ್ಕೈದು, ಮೂಗಿನ ಮೇಲೆ ಬ್ಲ್ಯಾಕ್‌ಹೆಡ್. ಮುಖ ಸದಾ ಜಿಡ್ಡು. ಮನೆಗೆ ಬರೋದು ಬೋರ್‌ವೆಲ್ ನೀರು. ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್, ಕಡ್ಲೆಹಿಟ್ಟು-ಅರಿಶಿನ, ಬೇವು, ಲೋಳೆಸರ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಖರ್ಚು ತಿಂಗಳಿಗೆ ಇನ್ನೂರು ರೂಪಾಯಿ ಒಳಗೇ ಇರಬೇಕು. ಇದರಲ್ಲಿ ಯಾವುದು, ಎಷ್ಟು, ಎಷ್ಟು ಹೊತ್ತು?

ಗಂಧದಕೊರಡು:
ಮೊದಲ ಮೂರನ್ನು ಪಟ್ಟಿಯಿಂದ ಹೊಡೆದುಹಾಕಿ.

ನಿಂಬೆರಸದ ಪಿಎಚ್ (ಈ ಅಂಕಿ ಕಡಿಮೆ ಇದ್ದಷ್ಟೂ ಆಮ್ಲ ಹೆಚ್ಚು) 2ರ ಹತ್ತಿರ, ಚರ್ಮದ್ದು 5ರ ಆಸುಪಾಸು. ಉರಿಯೋದು ಅದಕ್ಕೇ. ಅದಕ್ಕಿಂತ ಕೆಟ್ಟದ್ದು ಬಿಸಿಲು: ನಿಂಬೆ ಜಾತಿಯ ರಸ ಮೆತ್ತಿದ ಜಾಗಕ್ಕೆ ಬಿಸಿಲು ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಬಂದು, ತಿಂಗಳುಗಟ್ಟಲೆ ಹೋಗದ ಕಂದು ಕಲೆ ಉಳಿಯಬಹುದು. ಸೋಡಾ ಕ್ಷಾರ, ಚರ್ಮದ ಮೇಲಿರೋ ತೆಳು ಆಮ್ಲೀಯ ಪದರವನ್ನ ಕಿತ್ತುಹಾಕುತ್ತೆ. ಟೂತ್‌ಪೇಸ್ಟ್ ಹಚ್ಚಿದ ಮೊಡವೆ ಬೆಳಗ್ಗೆ ಒಣಗಿದ ಹಾಗೆ ಕಾಣುತ್ತಲ್ಲ, ಜೊತೆಗೆ ಸುತ್ತಲಿನ ಚರ್ಮವೂ ಒಣಗಿ ಕೆರಳಿರುತ್ತೆ.

ಮೊಡವೆ ಕೊಳೆಯಿಂದ ಬರೋದಲ್ಲ. ಹಾರ್ಮೋನಿನಿಂದ ಜಿಡ್ಡು ಹೆಚ್ಚಿ, ಸತ್ತ ಚರ್ಮಕೋಶ ರಂಧ್ರದ ಬಾಯಿ ಕಟ್ಟಿ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದಿಕೊಳ್ಳುತ್ತೆ. ಬ್ಲ್ಯಾಕ್‌ಹೆಡ್‌ನ ಕಪ್ಪು ಕೂಡ ಕೊಳೆ ಅಲ್ಲ, ಉಜ್ಜಿದರೆ ಹೋಗಲ್ಲ. ಅಡುಗೆಮನೆ ಪದಾರ್ಥ ಮೇಲಿನ ಜಿಡ್ಡು ಹೀರಬಹುದು, ಕೆಂಪು ಸ್ವಲ್ಪ ತಗ್ಗಿಸಬಹುದು, ಅಷ್ಟೇ. ಕಟ್ಟಿದ ರಂಧ್ರ ಅದರಿಂದ ಬಿಡಿಸಿಕೊಳ್ಳಲ್ಲ.

ಜಿಡ್ಡಿಗೆ ಮುಲ್ತಾನಿ ಮಿಟ್ಟಿ ಸಾಕು. 2 ಟೀ ಚಮಚ ಪುಡಿಗೆ ಬರೀ ನೀರು ಸ್ವಲ್ಪ ಸ್ವಲ್ಪವೇ ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಕಣ್ಣು, ತುಟಿ ಸುತ್ತ ಬಿಟ್ಟು ತೆಳ್ಳಗೆ ಹಚ್ಚಿ. 8–10 ನಿಮಿಷಕ್ಕೆ ಅಂಚು ಬಿಳಿಚಿಕೊಳ್ಳುತ್ತೆ, ನಡುವೆ ಇನ್ನೂ ಹಸಿ ಇರುತ್ತೆ. ಅದೇ ತೊಳೆಯೋ ಹೊತ್ತು. ಪೂರ್ತಿ ಒಣಗಿ ಬಿರುಕು ಬಿಡೋವರೆಗೂ ಕೂತರೆ ಚರ್ಮದ ನೀರೂ ಹೋಗಿ, ಮಾರನೇ ದಿನ ಸಿಪ್ಪೆ ಏಳುತ್ತೆ. ತೆಗೆಯುವಾಗ ಉಜ್ಜಬೇಡಿ, ನೀರು ಚಿಮುಕಿಸಿ ಮೆತ್ತಗಾದ ಮೇಲೆ ಜಾರಿಸಿ. ವಾರಕ್ಕೆ ಎರಡು ಸಲ ಸಾಕು. ಕಡ್ಲೆಹಿಟ್ಟಿನಲ್ಲಿ ಮುಖ ತೊಳೆಯೋದಾದರೆ ನುಣ್ಣಗೆ ಜರಡಿ ಹಿಡಿದದ್ದೇ ಇರಲಿ. ತರಿ ಇದ್ದರೆ ಕೀವಿನ ಮೊಡವೆ ಒಡೆದು ಕಲೆ ಆಗುತ್ತೆ. ಅರಿಶಿನ ಚಿಟಿಕೆ ಮೀರಬೇಡಿ, ಬಿಡಿ ಪುಡಿಯಲ್ಲಿ ಬಣ್ಣದ ಕಲಬೆರಕೆ ಇರಬಹುದು. ಕೊಂಬು ತಂದು ಮನೆಯಲ್ಲೇ ತೇಯ್ದುಕೊಳ್ಳೋದು ವಾಸಿ.

ಹಿತ್ತಲಗಿಡ:
ಲೋಳೆಸರದಲ್ಲಿ ಬಹಳ ಜನ ಎಡವೋದು ಹಳದಿ ಹಾಲಿನಲ್ಲಿ. ಗಿಡದ ಕೆಳಗಿನ ದಪ್ಪ ಎಲೆಯನ್ನು ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ಬದಿ ಕೆಳಗಾಗಿ ಲೋಟದಲ್ಲಿ 15 ನಿಮಿಷ ನಿಲ್ಲಿಸಿ. ಸಿಪ್ಪೆಯ ಒಳಗಿಂದ ಹಳದಿ ರಸ ಸೋರುತ್ತದೆ. ಅದು ಮುಖಕ್ಕೆ ತಾಗಿದರೆ ತುರಿಕೆ, ದದ್ದು. ಆಮೇಲೆ ಮುಳ್ಳಿನ ಅಂಚು ಕೊಯ್ದು, ಹಸಿರು ಸಿಪ್ಪೆ ಪೂರ್ತಿ ಹೆರೆದು, ಉಳಿದ ಪಾರದರ್ಶಕ ಲೋಳೆಯನ್ನು ಇನ್ನೊಮ್ಮೆ ತೊಳೆಯಿರಿ. ತೆಳ್ಳಗೆ ಹಚ್ಚಿ 15–20 ನಿಮಿಷಕ್ಕೆ ತೊಳೆದರೆ ಸರಿ. ಮಿಕ್ಕಿದ್ದು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ, ಎರಡು ದಿನ ದಾಟಿದರೆ ಎಸೆಯಿರಿ.

ಬೇವು: 15–20 ಎಲೆ, ಎರಡು ಲೋಟ ನೀರು, ಒಂದು ಲೋಟಕ್ಕೆ ಇಳಿಯುವಷ್ಟು ಕುದಿಸಿ, ಆರಿಸಿ, ಸೋಸಿ. ಅಂದಿನದು ಅಂದೇ ಮುಖ ತೊಳೆಯಲು ಬಳಸಿ. ಬೇವಿನೆಣ್ಣೆ ಹಾಗೇ ಹಚ್ಚುವುದು ಬೇಡ, ಕೆರಳುತ್ತದೆ. ಯಾವುದೇ ಹೊಸದಾದರೂ ಮೊದಲು ಮೊಣಕೈ ಮಡಿಕೆಯಲ್ಲಿ ಹಚ್ಚಿ ಎರಡು ದಿನ ನೋಡಿ.

ಮೆಡಿಕಲ್_ಕೌಂಟರ್:
ಮನೆಮದ್ದು ಅಲ್ಲ, ಆದರೂ ನಿಮ್ಮ ಬಜೆಟ್ಟಿಗೆ ಹತ್ತಿರದ್ದು: ಬೆಂಜಾಯ್ಲ್ ಪೆರಾಕ್ಸೈಡ್ 2.5% ಜೆಲ್. ಒಂದು ಟ್ಯೂಬ್ ಒಂದು ತಿಂಗಳಿಗಿಂತ ಹೆಚ್ಚು ಬರುತ್ತೆ. 10% ತಗೊಂಡರೆ ಗುಣ ಹೆಚ್ಚೇನಿಲ್ಲ, ಉರಿ ಹೆಚ್ಚು. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ಕಡ್ಲೆಕಾಳಿನಷ್ಟು ತಗೊಂಡು ಮೊಡವೆ ಬರೋ ಜಾಗಕ್ಕೆಲ್ಲ ತೆಳ್ಳಗೆ ಸವರಿ. ಗುಳ್ಳೆಗೆ ಮಾತ್ರ ಚುಕ್ಕೆ ಇಡೋದಲ್ಲ. ಮೊದಲೆರಡು ವಾರ ದಿನ ಬಿಟ್ಟು ದಿನ. ಗುಣ ಕಾಣೋಕೆ 6–8 ವಾರ ಬೇಕು, ಹೆಚ್ಚಿನವರು ಹತ್ತು ದಿನಕ್ಕೇ ಬಿಟ್ಟುಬಿಡ್ತಾರೆ. ದಿಂಬಿನ ಕವರ್, ಟವೆಲ್ ಬಿಳಿಯದೇ ಇರಲಿ, ಬಣ್ಣದ್ದು ಬಿಳಿಚಿಹೋಗುತ್ತೆ. ಜೆಲ್ ಹಚ್ಚೋ ದಿನ ಮಿಟ್ಟಿ ಬೇಡ.

ಅಂಗಡಿಯಲ್ಲಿ "ಮುಖ ಬೆಳ್ಳಗಾಗುತ್ತೆ, ಮೊಡವೆನೂ ಹೋಗುತ್ತೆ" ಅಂತ ಯಾರಾದರೂ ಕ್ರೀಮ್ ಕೊಟ್ಟರೆ ಟ್ಯೂಬಿನ ಹಿಂದೆ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಅಂತಿದ್ದರೆ ಸ್ಟೀರಾಯ್ಡ್. ವಾರದಲ್ಲಿ ಮುಖ ತಿಳಿಯಾಗುತ್ತೆ, ನಿಲ್ಲಿಸಿದ ಕೂಡಲೇ ಕೆಂಪು, ಉರಿ, ಮೊದಲಿಗಿಂತ ಜಾಸ್ತಿ ಗುಳ್ಳೆ. 2018ರಲ್ಲೇ ಸರ್ಕಾರ ಇಂಥವನ್ನ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ.

ಗಂಧದಕೊರಡು:
@ಮೆಡಿಕಲ್_ಕೌಂಟರ್ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಕೆನ್ನೆಯ ಕೀವಿನ ಮೊಡವೆಗೆ ಮಿಟ್ಟಿಗಿಂತ ಆ ಜೆಲ್ಲೇ ಮೇಲು. ಮಲ್ಲಿಗೆ ಅವರೇ, ಹಣೆ ಗುಳ್ಳೆ ಎಲ್ಲ ಒಂದೇ ಗಾತ್ರವಾ? ತುರಿಸುತ್ತಾ? ತಲೆಗೆ ಎಣ್ಣೆ ಯಾವಾಗ ಹಾಕ್ತಾರೆ?

ಮಲ್ಲಿಗೆ_ತುಮಕೂರು:
ಹೌದು ಸರ್, ಎಲ್ಲ ಸಾಸಿವೆಯಷ್ಟೇ. ಬೆವರಿದಾಗ ತುರಿಸುತ್ತೆ ಅಂತಾಳೆ. ದಿನಾ ಬೆಳಗ್ಗೆ ಕೊಬ್ಬರಿ ಎಣ್ಣೆ ಹಾಕಿ ಜಡೆ. ತಲೆಹೊಟ್ಟೂ ಇದೆ.

ಗಂಧದಕೊರಡು:
ಹಾಗಾದರೆ ಹಣೆಯದ್ದು ಮೊಡವೆಯೇ ಅಲ್ಲದಿರಬಹುದು. ಒಂದೇ ಗಾತ್ರ, ತುರಿಕೆ, ಜೊತೆಗೆ ತಲೆಹೊಟ್ಟು ಇದ್ದರೆ ಕೂದಲ ಬುಡದ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಕಾರಣ ಇರೋ ಸಾಧ್ಯತೆ ಹೆಚ್ಚು. ಅದಕ್ಕೆ ಎಣ್ಣೆ ಊಟ ಹಾಕಿದ ಹಾಗೆ. ದಿನದ ಎಣ್ಣೆ ನಿಲ್ಲಿಸಿ, ಬೇಕೇಬೇಕಾದರೆ ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಮಾತ್ರ. ಆ ಯೀಸ್ಟ್ ತಗ್ಗಿಸೋ ಕೀಟೋಕೊನಜೋಲ್ 2% ಶಾಂಪೂ ತಲೆಗೆ ಹಾಕುವಾಗ ಅದೇ ನೊರೆಯನ್ನು ಹಣೆಗೂ ಸವರಿ, ಕಣ್ಣಿಗೆ ಹೋಗದಂತೆ 3–5 ನಿಮಿಷ ಬಿಟ್ಟು ತೊಳೆಯಲಿ. ವಾರಕ್ಕೆ ಎರಡು ಸಲ, ನಾಲ್ಕು ವಾರ. ದಿಂಬಿನ ಕವರ್ ಮೂರು ದಿನಕ್ಕೊಮ್ಮೆ ಬದಲಿಸಿ.

ಬೋರ್‌ವೆಲ್ ನೀರಿಗೆ ಮೈಸೋಪು ಸೇರಿದರೆ ಬಿಳಿ ಗಸಿ ಚರ್ಮದ ಮೇಲೆ ಕೂರುತ್ತೆ. ಮುಖಕ್ಕೆ ಸೋಪು ಬಿಟ್ಟು ಫೇಸ್‌ವಾಶ್ ಬಳಸಲಿ, ದಿನಕ್ಕೆ ಎರಡೇ ಸಲ. ಇನ್ನೂರು ರೂಪಾಯಿಯಲ್ಲಿ ಎಲ್ಲ ಒಂದೇ ತಿಂಗಳು ಆಗಲ್ಲ. ಈ ತಿಂಗಳು ಶಾಂಪೂ, ಮುಂದಿನ ತಿಂಗಳು ಜೆಲ್.

ಅವರೆಬೇಳೆ:
ಕರಿದದ್ದು ಬಿಡಿಸಿ, ಮೊಡವೆ ತಾನಾಗೇ ಹೋಗುತ್ತೆ.

ಹಿತ್ತಲಗಿಡ:
ಬೋಂಡಾ ಪಾಪ ಬೈಸಿಕೊಳ್ಳುತ್ತದೆ. ಹೆಚ್ಚು ಪುರಾವೆ ಇರುವುದು ಸಕ್ಕರೆ, ಮೈದಾ ತಿಂಡಿ, ತಂಪು ಪಾನೀಯದ ವಿರುದ್ಧ. ಕೆಲವರಿಗೆ ಹಾಲು ಮತ್ತು ಜಿಮ್‌ನವರು ಕುಡಿಯುವ ವೇ ಪ್ರೋಟೀನ್ ಕೂಡ ಆಗುವುದಿಲ್ಲ.

ಮೆಡಿಕಲ್_ಕೌಂಟರ್:
ಇನ್ನೊಂದು. ಒತ್ತಿದರೆ ನೋಯೋ ಗಂಟು, ಗುಳಿ ಬೀಳ್ತಿರೋ ಕಲೆ, ಮುಟ್ಟು ಏರುಪೇರು ಜೊತೆಗೆ ಗದ್ದದ ಮೇಲೆ ಕೂದಲು, ಇದರಲ್ಲಿ ಯಾವುದಿದ್ದರೂ ಎರಡು ತಿಂಗಳು ಕಾಯಬೇಡಿ. ಜಿಲ್ಲಾ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಬೆಳಗ್ಗೆಯೇ ಹೋಗಿ, ಹಚ್ಚುತ್ತಿರೋ ಟ್ಯೂಬುಗಳನ್ನೆಲ್ಲ ಜೊತೆಗೆ ಒಯ್ಯಿರಿ.