ಶಿರಸಿಯಲ್ಲಿ ಸ್ಟ್ಯಾಂಡಪ್: ‘ಹೊರಗಿನವ’ ಅನ್ನೋ ಜೋಕು ಎಷ್ಟು ದಿನ ಓಡ್ತದೆ?

ಬಿಳಿಜೋಳ:
ವಿಜಯಪುರ ಕಡೆಯವ, ನೌಕರಿ ಶಿರಸಿಯೊಳಗ. ಮುಂದಿನ ತಿಂಗಳು ಇಲ್ಲಿ 7 ನಿಮಿಷ ಸ್ಟ್ಯಾಂಡಪ್ ಕಾಮಿಡಿ ಮಾಡೋದೈತಿ, ವಾರ ಬಿಟ್ಟು ಕಾರವಾರದಾಗ. ವಿಷಯ: ಬಯಲುಸೀಮಿಯವ ಮಲೆನಾಡಿಗೆ ಬಂದದ್ದು. ವಲಸೆ ಹೋದ ಕಾಮಿಡಿಯನ್‌ಗಳು ಇದರ ಮ್ಯಾಲೇ ವರ್ಷಾನುಗಟ್ಟಲೆ ಹ್ಯಾಂಗ ನಡಸ್ತಾರ? ನನ್ನ ಜೋಕು ಇದು:

“ಒಬ್ಬರ ಮನಿಗೆ ಹೋಗಿದ್ದೆ. ಆಸ್ರಿಗೆ ಬೇಕಾ ಅಂತ ಕೇಳಿದ್ರು. ನಾ ಆಸರೆ ಅಂತ ತಿಳ್ಕೊಂಡು, ಬೇಕ್ರೀ, ಒಂದು ರೂಮು ಸಾಕು, ಬಾಡಿಗಿ ಎರಡು ಸಾವಿರದೊಳಗ ಇರ್ಲಿ ಅಂದೆ. ಆಮ್ಯಾಲೆ ಆಸ್ರಿಗೆ ಅಂದ್ರ ಕುಡಿಯಾಕ ಕೊಡೋದು ಅಂತ ಗೊತ್ತಾತು, ಮಜ್ಜಿಗಿ ತಂದುಕೊಟ್ರು.”

ಅಡಕೆಸಿಪ್ಪೆ:
ಜೋಕು ಚೊಲೋ ಇದ್ದು, ಕಟ್ಟಿದ್ದು ಸಡಿಲ. ‘ಆಸರೆ ಅಂತ ತಿಳ್ಕೊಂಡು’ ಅಂದಕೂಡಲೇ ಗುಟ್ಟು ಹೊರಗೆ ಬಿತ್ತು. ಆಸ್ರಿಗೆ ಅಂದರೇನು ಅಂತ ಶಿರಸಿಯವರಿಗೇ ಹೇಳಿಕೊಡೋದು ಇನ್ನೊಂದು ತಪ್ಪು. ಮೂರನೆಯದು ಕನ್ನಡದ್ದೇ ತೊಡಕು: ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರ್ತದೆ, ನಗೆಯ ಶಬ್ದ ‘ತಂದುಕೊಟ್ರು’, ‘ಅಂತ ಅಂದ್ರು’ಗಳ ಅಡಿಗೆ ಸಿಕ್ಕಿ ಸಾಯ್ತದೆ. ಕ್ರಿಯಾಪದ ಕತ್ತರಿಸಿ:

“ಆಸ್ರಿಗೆ ಬೇಕಾ ಅಂದ್ರು. ಬೇಕ್ರೀ, ಒಂದು ರೂಮು ಸಾಕು, ಬಾಡಿಗಿ ಎರಡು ಸಾವಿರದೊಳಗ. ಒಳಗ ಹೋದ್ರು, ಬಂದ್ರು. ಕೈಯಾಗ ಮಜ್ಜಿಗಿ.”

ಅಲ್ಲಿಗೇ ಬಾಯಿ ಮುಚ್ಚಿ. ಹವ್ಯಕ ಮಾತಿನ ಅಣಕ ಆ ಒಂದು ಶಬ್ದಕ್ಕೇ ಸಾಕು. ಉದ್ದ ಎಳೆದರೆ ಮೊದಲ ಸಲ ನಗ್ತಾರೆ, ಎರಡನೇ ಸಲ ಮುಖ ಬಿಗೀತಾರೆ. ನಗೆ ತಪ್ಪಾಗಿ ಕೇಳಿಸಿಕೊಂಡ ನಿಮ್ಮ ಕಿವಿಯ ಮೇಲೆ ಬೀಳಲಿ. ಯಕ್ಷಗಾನದಲ್ಲಿ ರಾಜ ಗ್ರಾಂಥಿಕದಲ್ಲಿ ಗುಡುಗುವಾಗ ಹಾಸ್ಯಗಾರ ಆಡುಮಾತಲ್ಲಿ ತಪ್ಪರ್ಥ ಮಾಡ್ಕೊಂಡು ನಗಿಸೋದು ಇದೇ ಲೆಕ್ಕದಲ್ಲಿ.

ಹಳೇಕ್ಯಾಸೆಟ್:
ವಲಸೆ ಕಾಮಿಡಿಯನ್‌ಗಳ ಬಗ್ಗೆ ಕೇಳಿದ ಮೊದಲ ಪ್ರಶ್ನೆಗೆ ಯಾಕೋವ್ ಸ್ಮಿರ್ನಾಫ್ ನೋಡಿ. 1951ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಒಡೆಸಾದಲ್ಲಿ ಹುಟ್ಟಿ, 1977ರಲ್ಲಿ ಅಮೆರಿಕಕ್ಕೆ ಹೋದವರು. ಅಮೆರಿಕದಲ್ಲಿ ಹೀಗೆ, ರಷ್ಯಾದಲ್ಲಿ ಅದೇ ಉಲ್ಟಾ ಅನ್ನೋ ಅಚ್ಚಿನ ಜೋಕುಗಳಿಂದ 80ರ ದಶಕದಲ್ಲಿ ಮನೆಮಾತಾದರು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾದಾಗ ಆ ಅಚ್ಚಿನ ಅರ್ಧ ಹೋಯ್ತು. ಆಮೇಲೆ ಮಿಸ್ಸೌರಿಯ ಬ್ರಾನ್ಸನ್ ಊರಲ್ಲಿ ಪ್ರವಾಸಿಗರಿಗಾಗಿ ಸ್ವಂತ ಥಿಯೇಟರ್ ನಡೆಸಿದರು.

ಬಿಟ್ಟು ಬಂದ ಊರಿನ ಜೋಕಿಗೆ ಆಯಸ್ಸು ಕಡಿಮೆ. ಬಂದು ಸೇರಿದ ಊರಿನ ಜೋಕಿಗೆ ದಿನಾ ಹೊಸ ಸರಕು. 7 ನಿಮಿಷದಲ್ಲಿ ವಿಜಯಪುರದ ಬಿಸಿಲಿಗೆ 1 ನಿಮಿಷ ಸಾಕು.

ಕೆನಡಾದ ಕಾಮಿಡಿಯನ್ ರಸಲ್ ಪೀಟರ್ಸ್ ದಾರಿ ಬೇರೆ. 1970ರಲ್ಲಿ ಟೊರೊಂಟೊದಲ್ಲಿ ಆಂಗ್ಲೋ ಇಂಡಿಯನ್ ದಂಪತಿಗೆ ಹುಟ್ಟಿದವರು. ಮುಂದಿನ ಸಾಲಿನವರನ್ನು ಯಾವ ದೇಶದವರು ಅಂತ ಕೇಳಿ ಅಲ್ಲೇ ಜೋಕು ಹೊಸೀತಾರೆ. ಶಿರಸಿಯಲ್ಲಿ ಅದನ್ನೇ ಮಾಡಲು ಹೋಗಿ ಹೆಸರು ಕೇಳಬೇಡಿ! ಹೆಗಡೆಯೋ ನಾಯ್ಕರೋ ಅಂತ ಅಡ್ಡಹೆಸರು ಬಂದರೆ ಜಾತಿ ಕೇಳಿದ ಹಾಗೇ ಆಗ್ತದೆ, ಹಾಲು ತಣ್ಣಗಾದ ಹಾಗೆ ಸಭೆ ಕೆನೆಗಟ್ತದೆ. ‘ಘಟ್ಟದ ಮೇಲಾ, ಕೆಳಗಾ?’ ಅನ್ನಿ, ಎರಡೂ ಕಡೆಯವರು ತಾವೇ ಶುರು ಮಾಡ್ತಾರೆ.

ಕಾಳಿತೀರ:
ಆ ಮಜ್ಜಿಗೆ ಕಾರವಾರದಲ್ಲಿ ಒಡೀತದೆ. ಇಲ್ಲಿ ಕೊಂಕಣಿ ಜಾಸ್ತಿ, ಆಸ್ರಿಗೆ ಅನೇಕರಿಗೆ ಗೊತ್ತಿಲ್ಲ. ಒಂದೆರಡು ನಿಮಿಷ ಮೊದಲೇ, ಬೇರೆ ಮಾತಿನ ನಡುವೆ ‘ಶಿರಸಿ ಕಡೆ ಯಾರ ಮನೆಗೆ ಹೋದರೂ ಮೊದಲು ಆಸ್ರಿಗೆ, ನೀರು ಬೆಲ್ಲ ಮಜ್ಜಿಗೆ ಏನಾದರೊಂದು’ ಅಂತ ನೆಟ್ಟುಬಿಡಿ. ಜೋಕು ಬರುವ ಹೊತ್ತಿಗೆ ಸಭೆಗೆ ಗೊತ್ತು, ಕಥೆಯಲ್ಲಿರುವ ನಿಮಗೆ ಗೊತ್ತಿಲ್ಲ. ಮತ್ತೆ, ಸೀಬರ್ಡ್ ನೌಕಾನೆಲೆ, ಕೈಗಾ ಅಣುಸ್ಥಾವರದ ಕಡೆಯ ಹೊರರಾಜ್ಯದವರೂ ಸಭೆಯಲ್ಲಿ ಇರಬಹುದು. ಅವರೆದುರು ‘ನಾನೊಬ್ಬನೇ ಹೊರಗಿನವ’ ಅನ್ನೋ ಧಾಟಿ ನಿಲ್ಲೋದಿಲ್ಲ, ‘ನಾವು ಬಂದವರು’ ಅನ್ನಿ.

ಮಳೆಗಾಲ, ತಗಡಿನ ಮಾಡು ಇದ್ದರೆ ಮೈಕು ತುಟಿಗೆ ಎರಡು ಬೆರಳು ದೂರ ಇರಲಿ. ಕೆಳಗಿಳಿಸಿ ಹಿಡಿದರೆ ಕೊನೆಯ ಶಬ್ದವೇ ಮಳೆ ಸದ್ದಿಗೆ ಹೋಗ್ತದೆ. ಖಾಲಿ ಕುರ್ಚಿ ಹಿಂದೆ ಸರಿಸಿ, ಜನರನ್ನು ಮುಂದೆ ಒತ್ತಿ ಕೂರಿಸಿ. ಬಿಡಿಬಿಡಿ ಕೂತವರು ನಗೋಕೆ ಅಂಜ್ತಾರೆ.

ಬಿಳಿಜೋಳ:
‘ಮಜ್ಜಿಗಿ’ ಅಂದ ಮ್ಯಾಲೆ ಎಷ್ಟೊತ್ತು ಸುಮ್ಮನಿರಬೇಕ್ರಿ?

ಅಡಕೆಸಿಪ್ಪೆ:
ಸೆಕೆಂಡು ಎಣಿಸಬೇಡಿ. ನಗೆ ಏರುವಾಗ ಮಾತಾಡಿದರೆ ಅದರ ಕುತ್ತಿಗೆ ಹಿಚುಕಿದ ಹಾಗೆ. ಇಳಿಯೋಕೆ ಶುರುವಾದ ಕೂಡಲೇ ಮುಂದಿನ ಸಾಲು: “ಬಾಡಿಗಿ ಮಾತ್ರ ಇನ್ನೂ ಹೇಳಿಲ್ಲ.”